ಬಿಡುವಿನ ಕೈಗೆಲಸ: ೪೦೨ ತುಂಡುಗಳ ಕಾಗದದ ವಿಮಾನ



ಈ ತಿಂಗಳು ನಮ್ಮ ಕೈಸೇರಿದ ಪತ್ರಗಳಲ್ಲಿ ಒಂದನ್ನು ಓದಿ ಮಡಿಸಿಡಲು ನಮಗೆ ಮನಸ್ಸಾಗಲಿಲ್ಲ. ಬರೆದವರು ಒಬ್ಬ ತಾಯಿ. ಅವರ ಹತ್ತು ವರುಷದ ಮಗನು ಮೆಟ್ಟಲಿನಿಂದ ಜಾರಿಬಿದ್ದು ಕಾಲಿನ ಮೂಳೆಯನ್ನು ಮುರಿದುಕೊಂಡಿದ್ದಾನೆ. ಆರು ವಾರಗಳವರೆಗೆ ನೆಲಕ್ಕೆ ಕಾಲೂರಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದಾರೆ. “ನೋವು ಕಡಮೆಯಾಗಿದೆ, ಬೇಸರ ಮಾತ್ರ ದಿನದಿನಕ್ಕೆ ಹೆಚ್ಚುತ್ತಿದೆ. ಹಗಲೆಲ್ಲ ಮೊಬೈಲನ್ನು ಬೇಡುತ್ತಾನೆ. ಕೊಟ್ಟರೆ ಕಣ್ಣು ಕೆಂಪು, ಕೊಡದಿದ್ದರೆ ಮುಖ ಕೆಂಪು. ವಿಮಾನವೆಂದರೆ ಅವನಿಗೆ ಪ್ರಾಣ. ಹಾಸಿಗೆಯ ಮೇಲೆ ಕುಳಿತೇ ಮಾಡಬಹುದಾದ ಕೆಲಸವೇನಾದರೂ ಇದ್ದರೆ ತಿಳಿಸಬೇಕು” ಎಂದು ಆ ತಾಯಿ ಬರೆದಿದ್ದಾರೆ.

ಕಾಗದದ ವಿಮಾನವೆಂದೊಡನೆ ನಮ್ಮೆಲ್ಲರ ನೆನಪಿಗೂ ಬರುವುದು ಶಾಲೆಯಲ್ಲಿ ಉಪಾಧ್ಯಾಯರ ಬೆನ್ನ ಹಿಂದೆ ಹಾರಿಬಿಡುತ್ತಿದ್ದ ಬಾಣದಂತಹ ವಿಮಾನ. ಅದನ್ನು ಮಾಡುವುದಕ್ಕೆ ಒಂದು ಹಾಳೆ ಸಾಕು, ಒಂದು ನಿಮಿಷ ಸಾಕು. ಆದರೆ ಹಾಸಿಗೆ ಹಿಡಿದ ಹುಡುಗನಿಗೆ ಅದರಿಂದ ಪ್ರಯೋಜನವಿಲ್ಲ. ಒಮ್ಮೆ ಎಸೆದರೆ ಅದು ಬೀರುವಿನ ಕೆಳಗೆ ಹೋಗಿ ಕುಳಿತುಕೊಳ್ಳುತ್ತದೆ. ಎದ್ದು ಹೋಗಿ ಅದನ್ನು ತರಬೇಕಾದವನು ಅವನಲ್ಲ, ಅವನ ತಾಯಿ. ಅವನಿಗೆ ಬೇಕಾದುದು ಹಾರುವ ವಿಮಾನವಲ್ಲ, ಮಾಡಲು ಬಹುಕಾಲ ಹಿಡಿಯುವ ವಿಮಾನ. ಅಂತಹುದೊಂದನ್ನು ಈ ಸಂಚಿಕೆಯಲ್ಲಿ ವಿವರಿಸುತ್ತೇವೆ. ಅದಕ್ಕೆ ಬೇಕಾದ ಸಾಮಗ್ರಿ ೧೩ ಹಾಳೆ ಕಾಗದ, ಒಂದು ಕತ್ತರಿ, ಒಂದು ಅಡಿಪಟ್ಟಿ, ಕೊನೆಯಲ್ಲಿ ಬೆರಳತುದಿಯಷ್ಟು ಅಂಟು. ಉಳಿದುದೆಲ್ಲ ಕೈಯ ಕೆಲಸ.

ಕಾಗದವನ್ನು ಮಡಿಸಿ ಆಕೃತಿಗಳನ್ನು ಮಾಡುವ ಕಲೆಗೆ ಜಪಾನೀಯರು ಓರಿಗಾಮಿ ಎನ್ನುತ್ತಾರೆ. ಓರಿ ಎಂದರೆ ಮಡಿಸುವುದು, ಕಾಮಿ ಎಂದರೆ ಕಾಗದ. ಒಂದೇ ಹಾಳೆ, ಕತ್ತರಿ ತಾಗಿಸಕೂಡದು, ಅಂಟು ಹಚ್ಚಕೂಡದು ಎಂಬುದು ಈ ಕಲೆಯ ಮಡಿವಂತರು ಪಾಲಿಸಿಕೊಂಡು ಬಂದ ಕಟ್ಟಳೆ. ಆದರೆ ಇದಕ್ಕೆ ಇನ್ನೊಂದು ಕವಲೂ ಉಂಟು. ಅದರಲ್ಲಿ ಒಂದು ಹಾಳೆಯ ಬದಲು ಹಲವು ಹಾಳೆಗಳನ್ನು ತೆಗೆದುಕೊಂಡು, ಎಲ್ಲವನ್ನೂ ಒಂದೇ ಬಗೆಯಾಗಿ ಮಡಿಸಿ, ಒಂದರ ಮೊನೆಯನ್ನು ಇನ್ನೊಂದರ ಜೇಬಿಗೆ ಸಿಕ್ಕಿಸುತ್ತ ಹೋಗುತ್ತಾರೆ. ೧೭೩೪ರಲ್ಲಿ ಜಪಾನಿನಲ್ಲಿ ಅಚ್ಚಾದ ಒಂದು ಚಿತ್ರಪುಸ್ತಕದಲ್ಲಿಯೇ ಹೀಗೆ ಜೋಡಿಸಿದ ಕಾಗದದ ಘನಾಕೃತಿಯೊಂದು ಕಾಣಿಸಿಕೊಳ್ಳುತ್ತದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಪಾನಿನ ಮಿತ್ಸುನೊಬು ಸೊನೊಬೆ ಎಂಬವರ ಹೆಸರಿನಿಂದ ಪ್ರಸಿದ್ಧವಾದ ತುಂಡು ಈ ಕವಲಿಗೆ ಹೊಸ ಜೀವವನ್ನು ಕೊಟ್ಟಿತು. ಅವರ ತುಂಡುಗಳು ಆರು ಕೂಡಿದರೆ ಒಂದು ಘನ. ಹನ್ನೆರಡೋ ಮೂವತ್ತೋ ಕೂಡಿದರೆ ಮುಳ್ಳುಮುಳ್ಳಾದ ನಕ್ಷತ್ರದ ಚೆಂಡು. ಈ ಹುಚ್ಚು ತಲೆಗೇರಿದವರು ಎಲ್ಲಿಯವರೆಗೆ ಹೋಗಬಲ್ಲರೆಂಬುದಕ್ಕೆ ಅಮೆರಿಕದ ಜೀನೀನ್ ಮೋಸ್ಲಿಯವರೇ ಸಾಕ್ಷಿ. ಅವರು ಅನೇಕರ ನೆರವು ಪಡೆದು ೬೬,೦೪೮ ವಿಸಿಟಿಂಗ್ ಕಾರ್ಡುಗಳನ್ನು ಮಡಿಸಿ ಗಣಿತಶಾಸ್ತ್ರದ ಒಂದು ಆಕೃತಿಯನ್ನು ಕಟ್ಟಿದರು. ನಮ್ಮದು ಅಷ್ಟು ದೊಡ್ಡ ಸಾಹಸವಲ್ಲ. ೪೦೨ ತುಂಡುಗಳಲ್ಲಿ ಮುಗಿಯತಕ್ಕದ್ದು.

ಮೊದಲು ಕಾಗದದ ವಿಚಾರ. ಕಚೇರಿಗಳಲ್ಲಿ ಬಳಸುವ ಎ-೪ ಅಳತೆಯ ಹಾಳೆ ಇದಕ್ಕೆ ಹೇಳಿಮಾಡಿಸಿದಂತಿದೆ. ಒಂದು ಮಗ್ಗುಲು ಅಚ್ಚಾಗಿ ಬೇಡವಾದ ಹಾಳೆಯಾದರೂ ಸರಿ; ಅಚ್ಚಾದ ಮಗ್ಗುಲು ಬಹುಮಟ್ಟಿಗೆ ಒಳಗೆ ಅಡಗಿಬಿಡುತ್ತದೆ. ಹಳೆಯ ಮಾಸಪತ್ರಿಕೆಗಳ ನುಣುಪಾದ ಹಾಳೆಯೂ ಚೆನ್ನಾಗಿ ಬರುತ್ತದೆ, ಬಣ್ಣಬಣ್ಣವಾಗಿಯೂ ಇರುತ್ತದೆ. (ಈ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ದಯವಿಟ್ಟು ಬಿಟ್ಟುಬಿಡಿರಿ.) ದಿನಪತ್ರಿಕೆಯ ಕಾಗದ ಬಲು ಮೆತು, ಮೊನೆ ಜೇಬಿನೊಳಕ್ಕೆ ಹೋಗುವ ಮುನ್ನವೇ ಬಾಗಿಬಿಡುತ್ತದೆ. ಮದುವೆಯ ಕರೆಯೋಲೆಗಳ ರಟ್ಟು ಅದಕ್ಕೆ ವಿರುದ್ಧವಾಗಿ ಬಲು ದಪ್ಪ; ಮಡಿಸಿದಲ್ಲಿ ಬಿರಿಯುತ್ತದೆ.

ಎ-೪ ಹಾಳೆಯ ಉದ್ದವನ್ನು ಎಂಟು ಸಮಭಾಗ, ಅಗಲವನ್ನು ನಾಲ್ಕು ಸಮಭಾಗ ಮಾಡಿ ಕತ್ತರಿಸಿದರೆ ೩೨ ಚೀಟಿಗಳು ದೊರೆಯುತ್ತವೆ. ಒಂದೊಂದೂ ಸುಮಾರು ೫೨ ಮಿಲಿಮೀಟರು ಉದ್ದ, ೩೭ ಮಿಲಿಮೀಟರು ಅಗಲ. ಹದಿಮೂರು ಹಾಳೆಗಳಿಂದ ೪೧೬ ಚೀಟಿಗಳಾಗುತ್ತವೆ. ಎಂದರೆ ವಿಮಾನಕ್ಕೆ ಬೇಕಾದುದಕ್ಕಿಂತ ೧೪ ಹೆಚ್ಚು. ಎಲ್ಲ ಹಾಳೆಗಳನ್ನೂ ಒಂದೇ ರೀತಿಯಾಗಿ ಕತ್ತರಿಸತಕ್ಕದ್ದು. ಕಾರಖಾನೆಯಲ್ಲಿ ಕಾಗದವಾಗುವಾಗ ಅದರ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಒರಗಿಕೊಂಡಿರುತ್ತದೆ. ಆ ದಿಕ್ಕಿನ ಮಡಿಕೆ ನೆಟ್ಟಗೆ ಬರುತ್ತದೆ, ಅಡ್ಡ ದಿಕ್ಕಿನ ಮಡಿಕೆ ಸ್ವಲ್ಪ ಮೊಂಡುತನ ಮಾಡುತ್ತದೆ. ಒಂದು ಹಾಳೆಯನ್ನು ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಕತ್ತರಿಸಿದರೆ ತುಂಡುಗಳು ಎರಡು ಸ್ವಭಾವದವಾಗಿ, ಜೋಡಿಸುವಾಗ ತಂಟೆ ಮಾಡುತ್ತವೆ. ಮನೆಯಲ್ಲಿ ಕಟ್ಟುನಿಟ್ಟಾದ ಕೈ ಯಾರದೋ ಅವರಿಗೆ ಈ ಕತ್ತರಿಯ ಕೆಲಸವನ್ನು ಒಪ್ಪಿಸಿರಿ. ಚೀಟಿಯ ಅಳತೆ ಸೊಟ್ಟಗಾದರೆ ಮುಂದಿನ ಯಾವ ಜಾಣತನದಿಂದಲೂ ಅದನ್ನು ನೇರ ಮಾಡಲಾಗುವುದಿಲ್ಲ.

ಇನ್ನು ಮಡಿಸುವ ಕ್ರಮ. ಈ ಭಾಗವನ್ನು ಒಂದು ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓದಬೇಕೆಂದು ನಮ್ಮ ವಿಜ್ಞಾಪನೆ.

ಚೀಟಿಯ ಉದ್ದನೆಯ ಅಂಚುಗಳೆರಡೂ ಕೂಡುವಂತೆ ಅದನ್ನು ಎರಡಾಗಿ ಮಡಿಸಿರಿ. ಈಗ ಒಂದು ಕಿರಿದಾದ ಪಟ್ಟಿಯಾಯಿತು. ಅದನ್ನು ನಡುವೆ ಅಡ್ಡಲಾಗಿ ಇನ್ನೊಮ್ಮೆ ಮಡಿಸಿ, ಗೆರೆ ಮೂಡಿದೊಡನೆ ಬಿಡಿಸಿರಿ. ಈ ಗೆರೆ ದಾರಿ ತೋರುವುದಕ್ಕೆ ಮಾತ್ರ. ಪಟ್ಟಿಯ ಮಡಿಕೆಯ ಅಂಚು ಮೇಲಕ್ಕೆ, ಬಿಚ್ಚಿದ ಅಂಚು ಕೆಳಕ್ಕೆ ಇರುವಂತೆ ಮೇಜಿನ ಮೇಲಿಟ್ಟು, ಮೇಲಂಚಿನ ಎಡ ಅರ್ಧವನ್ನೂ ಬಲ ಅರ್ಧವನ್ನೂ ನಡುಗೆರೆಗೆ ತಾಗುವಂತೆ ಕೆಳಕ್ಕೆ ಮಡಿಸಿರಿ. ಈಗ ನಿಮ್ಮ ಮುಂದೆ ಗುಡಿಸಲಿನ ಮಾಡಿನಂತಹ ತ್ರಿಕೋನವೂ ಅದರ ಕೆಳಗೆ ಚಾಚಿಕೊಂಡ ಎರಡು ಗಿಡ್ಡ ಕಾಲುಗಳೂ ಕಾಣುತ್ತವೆ. ತ್ರಿಕೋನವನ್ನು ಹಿಂದುಮುಂದಾಗಿ ತಿರುಗಿಸಿರಿ. ಒಂದೊಂದು ಕಾಲಿನ ಹೊರಮೂಲೆಯನ್ನು ತ್ರಿಕೋನದ ಬುಡದ ಮೇಲಕ್ಕೆ ಓರೆಯಾಗಿ ಮಡಿಸಿ, ಬಳಿಕ ಕಾಲನ್ನೇ ಬುಡದ ಗೆರೆಗೆ ಸರಿಯಾಗಿ ಮೇಲಕ್ಕೆ ಮಡಿಸಿರಿ. ಈಗ ಅಚ್ಚುಕಟ್ಟಾದ ಒಂದು ತ್ರಿಕೋನವಷ್ಟೆ ಉಳಿಯಿತು. ಕಾಲುಗಳು ಒಳಗೆ ಮರೆಯಾಗುವಂತೆ ಅದನ್ನು ನಡುಗೆರೆಯ ಮೇಲೆ ಮಡಿಸಿದರೆ ತುಂಡು ಸಿದ್ಧವಾಯಿತು.

ತುಂಡನ್ನು ಬೆಳಕಿಗೆ ಹಿಡಿದು ನೋಡಿರಿ. ಒಂದು ಕಡೆ ಎರಡು ಮೊನೆಗಳು ಒಂದಕ್ಕೊಂದು ಒರಗಿಕೊಂಡಿವೆ. ಅವಕ್ಕೆ ಎದುರಾದ ಗಿಡ್ಡ ಅಂಚಿನಲ್ಲಿ, ನಡುಮಡಿಕೆಯ ಎರಡು ಮಗ್ಗುಲಿಗೂ ಒಂದೊಂದು ಜೇಬು ಇದೆ. ಎರಡು ಮೊನೆ, ಎರಡು ಜೇಬು: ಈ ಕಲೆಯ ಗುಟ್ಟೆಲ್ಲ ಇಷ್ಟೆ. ಮಡಿಸಿದ ಕಾಗದ ಯಾವಾಗಲೂ ಬಿಚ್ಚಿಕೊಳ್ಳಲು ಹವಣಿಸುತ್ತಿರುತ್ತದೆ. ಜೇಬಿನೊಳಕ್ಕೆ ಹೋದ ಮೊನೆಯೂ ಹಾಗೆಯೇ ಬಿಚ್ಚಿಕೊಳ್ಳಲು ಹೋಗಿ ಜೇಬಿನ ಗೋಡೆಯನ್ನು ಒತ್ತುತ್ತದೆ; ಆ ಒತ್ತಡದಿಂದಲೂ ಕಾಗದಕ್ಕೆ ಕಾಗದ ತಿಕ್ಕುವುದರಿಂದಲೂ ಹಿಡಿತ ಹುಟ್ಟುತ್ತದೆ. ಅಂಟಿಲ್ಲದೆ ನೂರಾರು ತುಂಡುಗಳು ನಿಲ್ಲುವುದು ಇದರ ಬಲದಿಂದಲೇ. ಮಡಿಕೆಗಳನ್ನು ಉಗುರಿನಿಂದ ಚೆನ್ನಾಗಿ ತೀಡಬೇಕೆಂಬುದೇನೋ ನಿಜ. ಆದರೆ ಕಡೆಯ ನಡುಮಡಿಕೆಯನ್ನು ಅತಿಯಾಗಿ ತೀಡಿ ಅದರ ಪುಟಿತವನ್ನೇ ಕೊಂದುಬಿಡಬಾರದು.

ಮೊದಲ ಹತ್ತು ತುಂಡುಗಳಿಗೆ ಒಂದೊಂದಕ್ಕೆ ಮೂರು ನಿಮಿಷವಾದರೂ ಬೇಕಾದೀತು. ಕೈ ಪಳಗಿದ ಮೇಲೆ ನಿಮಿಷಕ್ಕೊಂದು. ಆ ಲೆಕ್ಕದಲ್ಲಿ ೪೦೨ ತುಂಡುಗಳಿಗೆ ಆರೂಮುಕ್ಕಾಲು ಗಂಟೆ. ಒಬ್ಬನೇ ಕುಳಿತು ಮುಗಿಸಹೊರಟರೆ ನೂರನೆಯ ತುಂಡಿನ ಹೊತ್ತಿಗೆ ವಿಮಾನದ ಮೇಲೆಯೇ ವೈರಾಗ್ಯ ಹುಟ್ಟೀತು. ಆದುದರಿಂದ ಇದನ್ನು ಹಪ್ಪಳ ಒತ್ತುವ ದಿನದಂತೆ ಮನೆಯವರೆಲ್ಲ ಕೂಡಿ ಮಾಡುವುದೇ ಲೇಸು. ಐದು ಜನರಿದ್ದರೆ ತಲೆಗೆ ಎಂಬತ್ತು ತುಂಡು. ಹಿಂದೆ ನಮ್ಮ ಮನೆಗಳಲ್ಲಿ ಮುತ್ತುಗದ ಎಲೆ ಹಚ್ಚುತ್ತ ಕುಳಿತ ಹೆಂಗಸರ ಕೈ ತನ್ನ ಪಾಡಿಗೆ ನಡೆಯುತ್ತಿತ್ತು, ಮಾತು ತನ್ನ ಪಾಡಿಗೆ. ಈ ಕೆಲಸವೂ ಅದೇ ಜಾತಿಯದು. ಅಜ್ಜಿಯ ಬಳಿ ಎಂಬತ್ತು ತುಂಡುಗಳಿಗೆ ಸಾಲುವಷ್ಟು ಹಳೆಯ ಸುದ್ದಿ ಇದ್ದೇ ಇರುತ್ತದೆ. ಏಳು ವರುಷಕ್ಕೆ ಕಿರಿಯ ಮಕ್ಕಳಿಗೆ ಮಡಿಸುವ ಕೆಲಸವನ್ನು ಕೊಡದಿರುವುದೇ ವಾಸಿ. ಅವರು ಹತ್ತುಹತ್ತಾಗಿ ಎಣಿಸಿ ಡಬ್ಬಿಗೆ ಹಾಕಲಿ. ಆ ಅಧಿಕಾರ ಕೈಗೆ ಬಂದರೆ ಅವರಷ್ಟು ನಿಷ್ಠುರರಾದ ಗುಮಾಸ್ತರು ಇನ್ನಿಲ್ಲ. ಹಾಸಿಗೆಯ ಮೇಲಿರುವ ನಮ್ಮ ಪತ್ರದ ಹುಡುಗನು ಯಜಮಾನನಾಗಿರಲಿ. ಬಂದ ತುಂಡುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸೊಟ್ಟಗಾದುದನ್ನು ಅಪ್ಪನು ಮಡಿಸಿದ್ದಾದರೂ ಸರಿ, ಮರಳಿ ಕಳುಹಿಸುವ ಹಕ್ಕು ಅವನಿಗಿರಲಿ. ದಿನವಿಡೀ “ಅದು ಮಾಡಬೇಡ, ಇದು ಮಾಡಬೇಡ” ಎಂಬುದನ್ನೇ ಕೇಳುತ್ತಿರುವ ಮಗುವಿಗೆ ಇನ್ನೊಬ್ಬರ ಕೆಲಸವನ್ನು ಬೇಡವೆನ್ನುವ ಸುಖ ಒಂದಿಷ್ಟು ಬೇಡವೆ?

ಈ ತ್ರಿಕೋನದ ತುಂಡಿಗೆ ಒಂದು ಚರಿತ್ರೆಯುಂಟು. ಕೈಗಳು ಮಡಿಸುತ್ತಿರುವಾಗ ಹೇಳಿಕೊಳ್ಳಲು ಅದು ತಕ್ಕ ಕತೆ. ಆದರೆ ಮಕ್ಕಳ ಕತೆಯಂತೆ ಸುಖವಾಗಿ ಆರಂಭವಾಗುವುದಲ್ಲ.

೧೯೯೩ನೆಯ ಇಸವಿ ಜೂನ್ ೬ರಂದು ಅಮೆರಿಕದ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಕಡಲತೀರದಲ್ಲಿ ‘ಗೋಲ್ಡನ್ ವೆಂಚರ್’ ಎಂಬ ಸರಕು ಹಡಗು ನೆಲಕಚ್ಚಿ ನಿಂತಿತು. ಅದರ ಹೊಟ್ಟೆಯಲ್ಲಿ ಸರಕಿರಲಿಲ್ಲ, ಚೀನದಿಂದ ಬಂದ ೨೮೬ ಮಂದಿ ಜನರಿದ್ದರು. ಹೆಚ್ಚಿನವರು ಫುಜಿಯನ್ ಪ್ರಾಂತದವರು. ಕಳ್ಳದಾರಿಯಿಂದ ಜನರನ್ನು ಸಾಗಿಸುವವರಿಗೆ ಅಪಾರ ಹಣವನ್ನು ಒಪ್ಪಿಕೊಂಡು, ತಿಂಗಳುಗಟ್ಟಲೆ ಕಡಲಿನ ಮೇಲೆ ತೊಳಲಿ ಬಂದವರು. ದಡ ಕಣ್ಣಿಗೆ ಕಾಣುತ್ತಿದ್ದುದರಿಂದ ಅನೇಕರು ತಣ್ಣೀರಿಗೆ ಧುಮುಕಿದರು. ಅವರಲ್ಲಿ ಹತ್ತು ಮಂದಿ ಪ್ರಾಣ ಕಳೆದುಕೊಂಡರು. ಉಳಿದವರನ್ನು ಸರಕಾರ ಹಿಡಿದು ಬೇರೆಬೇರೆ ಸೆರೆಮನೆಗಳಲ್ಲಿಟ್ಟಿತು. ನೂರಕ್ಕೂ ಹೆಚ್ಚು ಗಂಡಸರು ಪೆನ್ಸಿಲ್ವೇನಿಯಾ ಸಂಸ್ಥಾನದ ಯಾರ್ಕ್ ಎಂಬ ಊರಿನ ಸೆರೆಮನೆಗೆ ಬಂದರು. ಅವರ ಮೊಕದ್ದಮೆಗಳು ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆದಾಡಿದವು. ಇಂದು ಬಿಡುಗಡೆ, ನಾಳೆ ಬಿಡುಗಡೆ ಎನ್ನುವಷ್ಟರಲ್ಲಿ ವರುಷಗಳೇ ಕಳೆದುಹೋದವು.

ಸೆರೆಯಲ್ಲಿದ್ದವನಿಗೆ ಕಾಲದ ಹೊರತು ಇನ್ನೇನಿರುತ್ತದೆ? ಅವರು ಕೈಗೆ ಸಿಕ್ಕಿದ ಕಾಗದವನ್ನು ಮಡಿಸತೊಡಗಿದರು. ಹಳೆಯ ಮಾಸಪತ್ರಿಕೆಗಳ ಹಾಳೆ, ಬರೆಯುವ ಪುಸ್ತಕದ ಹಾಳೆ, ಕಡೆಗೆ ಶೌಚದ ಕಾಗದವನ್ನು ಸಹ ಅವರು ಬಿಡಲಿಲ್ಲ. ಈ ಮಡಿಕೆಯನ್ನು ಅವರು ಹೊಸದಾಗಿ ಕಂಡುಹಿಡಿದರೆಂದಲ್ಲ. ಚೀನದಲ್ಲಿ ಅದು ಮೊದಲೇ ಬಳಕೆಯಲ್ಲಿದ್ದುದು. ಬಲ್ಲವರು ಅರಿಯದವರಿಗೆ ಕಲಿಸಿದರು. ತ್ರಿಕೋನದ ತುಂಡುಗಳಿಂದ ಹಡಗುಗಳೂ ಗೋಪುರಗಳೂ ಅನಾನಸು ಹಣ್ಣುಗಳೂ ಎದ್ದುಬಂದವು. ಎಲ್ಲಕ್ಕಿಂತ ಹೆಸರಾದವು ರೆಕ್ಕೆ ಚಾಚಿದ ಹಕ್ಕಿಗಳು; ಅವನ್ನು ಜನರು ಸ್ವಾತಂತ್ರ್ಯದ ಹಕ್ಕಿಗಳೆಂದು ಕರೆದರು. ತಮಗಾಗಿ ಸಂಬಳವಿಲ್ಲದೆ ದುಡಿಯುತ್ತಿದ್ದ ವಕೀಲರಿಗೂ, ಸೆರೆಮನೆಯ ಹೊರಗೆ ನಿಂತು ಪ್ರಾರ್ಥಿಸುತ್ತಿದ್ದ ಊರಿನವರಿಗೂ ಕೃತಜ್ಞತೆಗಾಗಿ ಮೊದಮೊದಲು ಇವನ್ನು ಕೊಟ್ಟರು. ಬಳಿಕ ಇವನ್ನು ಮಾರಿ ಬಂದ ಹಣ ಮೊಕದ್ದಮೆಗಳ ಖರ್ಚಿಗೆ ನೆರವಾಯಿತು. ಅವರ ಕೈಯಿಂದ ಒಟ್ಟು ಹತ್ತು ಸಾವಿರಕ್ಕೂ ಮಿಕ್ಕ ಆಕೃತಿಗಳು ಹೊರಬಂದುವೆಂದು ಲೆಕ್ಕ.

೧೯೯೭ರ ಫೆಬ್ರುವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಅಪ್ಪಣೆಯಂತೆ ಸೆರೆಯಲ್ಲಿ ಉಳಿದಿದ್ದ ಐವತ್ತಕ್ಕೂ ಹೆಚ್ಚು ಮಂದಿಗೆ ಬಿಡುಗಡೆಯಾಯಿತು. ಆ ಹೊತ್ತಿಗೆ ಅನೇಕರನ್ನು ಚೀನಕ್ಕೆ ಮರಳಿ ಕಳುಹಿಸಿಯಾಗಿತ್ತು. ಹೊರಬಂದವರು ಹಡಗಿಳಿದು ಮೂರು ವರುಷ ಎಂಟು ತಿಂಗಳಾಗಿದ್ದವು. ಅವರು ಮಾಡಿದ ಎಷ್ಟೋ ಆಕೃತಿಗಳು ನ್ಯೂಯಾರ್ಕಿನಲ್ಲಿರುವ ಅಮೆರಿಕದ ಚೀನೀಯರ ವಸ್ತುಸಂಗ್ರಹಾಲಯದ ಸಂಗ್ರಹವನ್ನು ಸೇರಿದವು. ಲೋಕದ ಕಾಗದಗಾರರು ಈ ತುಂಡಿನ ಕೆಲಸವನ್ನು ಇಂದಿಗೂ ‘ಗೋಲ್ಡನ್ ವೆಂಚರ್ ಮಡಿಕೆ’ ಎಂದು ಆ ಹಡಗಿನ ಹೆಸರಿನಿಂದಲೇ ಕರೆಯುವುದುಂಟು. ಮಕ್ಕಳ ಆಟಿಕೆಯ ಪುಸ್ತಕಗಳಲ್ಲಿ ಈ ಹೆಸರನ್ನು ಬಿಟ್ಟು ‘ಮೂರು ಆಯಾಮದ ಓರಿಗಾಮಿ’ ಎಂದಷ್ಟೇ ಬರೆಯುತ್ತಾರೆ. ಹೆಸರು ಉಳಿದಿದ್ದರೆ ನಮಗೆ ಹೆಚ್ಚು ಸಂತೋಷವಾಗುತ್ತಿತ್ತು.

ಇನ್ನು ವಿಮಾನವನ್ನು ಕಟ್ಟೋಣ. ಅದರ ಒಡಲನ್ನು ಬಾಲದಿಂದ ಮೂತಿಯ ಕಡೆಗೆ, ಬಾವಿಯ ಸುತ್ತುಗೋಡೆಯನ್ನು ಎಬ್ಬಿಸಿದಂತೆ ಎಬ್ಬಿಸಬೇಕು. ಇಟ್ಟಿಗೆಯ ಗೋಡೆಯನ್ನು ಗಮನಿಸಿದವರಿಗೆ ಇದರ ಕ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗಿನ ಸಾಲಿನ ಎರಡು ಇಟ್ಟಿಗೆಗಳ ಸಂದಿನ ಮೇಲೆ ಮೇಲಿನ ಸಾಲಿನ ಒಂದು ಇಟ್ಟಿಗೆ ಕೂಡುತ್ತದಷ್ಟೆ. ಇಲ್ಲಿಯೂ ಹಾಗೆಯೇ. ಪಕ್ಕಪಕ್ಕದ ಎರಡು ತುಂಡುಗಳನ್ನು ಮೊನೆ ಮೇಲಾಗಿ ಹಿಡಿದುಕೊಂಡು, ಎಡತುಂಡಿನ ಬಲಮೊನೆಯನ್ನೂ ಬಲತುಂಡಿನ ಎಡಮೊನೆಯನ್ನೂ ಮೂರನೆಯ ತುಂಡಿನ ಎರಡು ಜೇಬುಗಳಿಗೆ ಸೇರಿಸಿರಿ. ಆ ಮೂರನೆಯದು ಎರಡನ್ನೂ ಬಂಧಿಸಿತು. ಹೀಗೆಯೇ ಮುಂದುವರಿದು ಕೆಳಸಾಲಿಗೆ ೧೬, ಮೇಲ್ಸಾಲಿಗೆ ೧೬ ತುಂಡುಗಳಾದಾಗ ಎರಡು ತುದಿಗಳನ್ನೂ ಕೂಡಿಸಿ ಬಳೆಯಂತೆ ಮುಚ್ಚಿರಿ. ಎಲ್ಲ ತುಂಡುಗಳ ಮುಖವೂ ಒಂದೇ ಕಡೆಗಿರಬೇಕು. ಒಂದು ತುಂಡು ಹಿಂದುಮುಂದಾದರೂ ಆ ಜಾಗ ದೂರದಿಂದಲೇ ಗಂಟಿನಂತೆ ಎದ್ದು ಕಾಣುತ್ತದೆ.

ಈ ಮೊದಲ ಬಳೆಯೇ ಇಡಿಯ ಕೆಲಸದ ಕಠಿನವಾದ ಘಟ್ಟ. ಎರಡು ಸಾಲುಗಳಷ್ಟೇ ಇರುವಾಗ ಅದಕ್ಕೆ ಮೈಬಲವಿಲ್ಲ. ಈ ಕಡೆ ಹಿಡಿದರೆ ಆ ಕಡೆ ಕಳಚಿಕೊಳ್ಳುತ್ತದೆ. ಇಲ್ಲಿ ನಾಲ್ಕು ಕೈಗಳಿರುವುದು ಅವಶ್ಯ. ಒಬ್ಬರು ಬಳೆಯನ್ನು ಅಂಗೈಗಳ ನಡುವೆ ತಬ್ಬಿಕೊಂಡಿರಲಿ, ಇನ್ನೊಬ್ಬರು ಮೂರನೆಯ ಸಾಲನ್ನು ಏರಿಸಲಿ. ಮೂರನೆಯ ಸಾಲು ಮುಗಿದೊಡನೆ ಬಳೆ ತನ್ನಷ್ಟಕ್ಕೆ ತಾನೇ ಬಿಗಿದುಕೊಳ್ಳುತ್ತದೆ. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಮಾತನಾಡುತ್ತಲೂ ಕಟ್ಟಬಹುದು. ಸಾಲಿಗೆ ಹದಿನಾರರಂತೆ ಒಟ್ಟು ೧೮ ಸಾಲು, ೨೮೮ ತುಂಡು. ಆಗಾಗ ಕೊಳವೆಯನ್ನು ಮೇಜಿನ ಮೇಲೆ ನಿಲ್ಲಿಸಿ ಮೇಲಿನಿಂದ ಮೆಲ್ಲನೆ ಒತ್ತಿರಿ. ಸಾಲುಗಳು ಸಮನಾಗಿ ಕೂಡುತ್ತವೆ.

ಮೂತಿ ಕಿರಿದಾಗಬೇಕಲ್ಲವೆ? ಅದಕ್ಕಾಗಿ ಹತ್ತೊಂಬತ್ತನೆಯ ಸಾಲಿಗೆ ಎಂಟೇ ತುಂಡುಗಳನ್ನು ಹಾಕುವುದು. ಪಕ್ಕಪಕ್ಕದ ಎರಡು ತುಂಡುಗಳ ನೆರೆಯ ಮೊನೆಗಳೆರಡನ್ನೂ ಜೋಡಿಸಿ ಒಂದೇ ಜೇಬಿಗೆ ತೂರಿಸಿರಿ. ಹೀಗೆ ಒಂದು ಜೇಬಿಗೆ ಎರಡು ಮೊನೆ. ಇಪ್ಪತ್ತನೆಯ ಸಾಲಿಗೆ ಅದೇ ಕ್ರಮದಿಂದ ನಾಲ್ಕು ತುಂಡುಗಳು ಸಾಕು. ಕೊಳವೆಯ ಬಾಯಿ ಮೊಗ್ಗಿನಂತೆ ಒಳಕ್ಕೆ ಸೇರುತ್ತದೆ. ಇಲ್ಲಿಗೆ ೩೦೦ ತುಂಡುಗಳು ಮುಗಿದವು. ಒಡಲು ಸುಮಾರು ಒಂದು ಗೇಣು ಉದ್ದವಾಯಿತು.

ರೆಕ್ಕೆಗಳ ಕೆಲಸ ಸುಲಭ, ಸೊಗಸೂ ಹೆಚ್ಚು. ಬಳೆಯಂತೆ ಮುಚ್ಚದೆ ಚಪ್ಪಟೆಯಾಗಿ ಎಂಟು ತುಂಡುಗಳ ಒಂದು ಸಾಲನ್ನು ಹಿಡಿದರೆ ಅವುಗಳ ನಡುವಣ ಸಂದುಗಳು ಏಳು. ಆದುದರಿಂದ ಮೇಲಿನ ಸಾಲಿಗೆ ಏಳೇ ತುಂಡು. ಅದರ ಮೇಲೆ ಆರು, ಐದು, ನಾಲ್ಕು, ಮೂರು, ಎರಡು, ಕಡೆಗೆ ಒಂದು. ನೀವು ಏನನ್ನೂ ಯೋಚಿಸದಿದ್ದರೂ ರೆಕ್ಕೆ ತನ್ನಷ್ಟಕ್ಕೆ ಚೂಪಾಗುತ್ತ ಹೋಗುತ್ತದೆ. ಎಂಟರಿಂದ ಒಂದರವರೆಗೆ ಕೂಡಿದರೆ ೩೬. ಲೆಕ್ಕದ ಪುಸ್ತಕದಲ್ಲಿ ಈ ಮೊತ್ತವನ್ನು ಕಂಡು ಆಕಳಿಸುವ ಮಗು ಇಲ್ಲಿ ಅದನ್ನು ಬೆರಳಿನಿಂದ ಮುಟ್ಟಿ ಎಣಿಸುತ್ತದೆ. ಎರಡು ರೆಕ್ಕೆಗಳಿಗೆ ೭೨.

ಹೀಗೆ ಮಾಡಿದ ರೆಕ್ಕೆಯ ತುದಿ ಬುಡದ ನಟ್ಟನಡುವಿಗೆ ಎದುರಾಗಿರುತ್ತದೆ. ವಿಮಾನದ ಹುಚ್ಚುಳ್ಳ ಹುಡುಗರು ಇದನ್ನು ಒಪ್ಪಲಾರರು. ಜೆಟ್ ವಿಮಾನಗಳ ರೆಕ್ಕೆ ಹಿಂದಕ್ಕೆ ವಾಲಿರುತ್ತದೆಂದು ವಾದಿಸುತ್ತಾರೆ. ಅವರ ಮಾತು ಸರಿಯೇ. ಅಂತಹವರು ಪ್ರತಿಯೊಂದು ಸಾಲಿನಲ್ಲಿಯೂ ಮೂತಿಯ ಕಡೆಯ ಸಂದೊಂದನ್ನು ಖಾಲಿ ಬಿಟ್ಟು, ಅದಕ್ಕೆ ಬದಲಾಗಿ ಬಾಲದ ಕಡೆಯ ಕೊನೆಯ ಮೊನೆಗೆ ಒಂದು ತುಂಡನ್ನು ಒಂಟಿ ಜೇಬಿನಿಂದ ಸಿಕ್ಕಿಸಲಿ. ಸಾಲುಗಳ ಎಣಿಕೆ ಅದೇ ಎಂಟು, ಏಳು, ಆರು. ತುಂಡುಗಳೂ ಅದೇ ಮೂವತ್ತಾರು. ಆದರೆ ರೆಕ್ಕೆ ಹಿಂದಕ್ಕೆ ವಾಲುತ್ತದೆ. ಒಂಟಿ ಜೇಬಿನಲ್ಲಿ ನಿಂತ ಆ ಹೊರತುಂಡುಗಳ ಹಿಡಿತ ಸಡಿಲವಾಗಿರುತ್ತದೆಂಬುದನ್ನು ಮಾತ್ರ ಮರೆಯಬಾರದು.

ಬಾಲಕ್ಕೆ ನಾಲ್ಕರಿಂದ ಆರಂಭಿಸಿ ಒಂದರವರೆಗೆ, ಹತ್ತು ತುಂಡುಗಳ ಪುಟ್ಟ ರೆಕ್ಕೆಗಳು ಮೂರು: ಎಡಕ್ಕೊಂದು, ಬಲಕ್ಕೊಂದು, ನೆಟ್ಟಗೆ ನಿಲ್ಲುವ ಚುಕ್ಕಾಣಿಗೊಂದು. ಮುನ್ನೂರು, ಎಪ್ಪತ್ತೆರಡು, ಮೂವತ್ತು, ಲೆಕ್ಕ ಸರಿಹೋಯಿತು.

ರೆಕ್ಕೆಗಳನ್ನು ಒಡಲಿಗೆ ಕೂಡಿಸುವಾಗ ಮಾತ್ರ ಅಂಟು ಬೇಕು. ಒಡಲಿನ ಸಾಲುಗಳು ಒಂದು ದಿಕ್ಕಿಗೆ, ರೆಕ್ಕೆಯ ಸಾಲುಗಳು ಇನ್ನೊಂದು ದಿಕ್ಕಿಗೆ ಓಡುವುದರಿಂದ ಮೊನೆಗೆ ಜೇಬು ಎದುರಾಗುವುದಿಲ್ಲ. ಮಡಿವಂತರು ಮೂಗು ಮುರಿದರೆ ಮುರಿಯಲಿ. ಕತ್ತರಿಯನ್ನು ಮೊದಲೇ ಹಿಡಿದವರಿಗೆ ಅಂಟಿನ ಭಯವೇಕೆ? ಮೈದಾಹಿಟ್ಟನ್ನು ನೀರಿನಲ್ಲಿ ಕುದಿಸಿದ ಗಟ್ಟಿಯಾದ ಸರಿ ಸಾಕು. ಅಂಗಡಿಯ ಅಂಟಾದರೂ ಆದೀತು; ನೀರಾದ ಅಂಟು ಕಾಗದವನ್ನು ನೆನೆಸಿಬಿಡುವುದರಿಂದ ತೆಳ್ಳಗೆ ಸವರಬೇಕು. ರೆಕ್ಕೆಯ ಬುಡವನ್ನು ಒಡಲಿನ ಮಗ್ಗುಲಿಗೆ ಒತ್ತಿ, ಎರಡು ಕಡೆಯೂ ಒಂದೊಂದು ಪುಸ್ತಕವನ್ನು ಆನಿಸಿಟ್ಟು ಒಂದು ರಾತ್ರಿ ಒಣಗಲು ಬಿಡಿರಿ. ಆ ರಾತ್ರಿ ಯಾರೂ ಎದ್ದುಹೋಗಿ ಮುಟ್ಟಿ ನೋಡಕೂಡದೆಂದು ನಿಯಮವಿಟ್ಟರೂ ಅದು ನಡೆಯುವುದು ಕಷ್ಟ.

ಇದು ಹಾರೀತೆ? ಹಾರದು. ಎಂಬತ್ತು ಗ್ರಾಮಿನ ಕಾಗದವ ಎ-೪ ಹಾಳೆ ಒಂದಕ್ಕೆ ಐದು ಗ್ರಾಮು ತೂಕ. ಶಾಲೆಯ ಬಾಣವಿಮಾನದ ತೂಕ ಅಷ್ಟೆ. ಅದಕ್ಕೆ ಹಾಳೆಯ ಬಹುಭಾಗವೆಲ್ಲ ರೆಕ್ಕೆಯಾಗಿ ಗಾಳಿಯನ್ನು ಹಿಡಿಯುತ್ತದೆ. ನಮ್ಮ ವಿಮಾನದಲ್ಲಿ ಹನ್ನೆರಡೂವರೆ ಹಾಳೆಗಳು, ಸುಮಾರು ೬೩ ಗ್ರಾಮು, ಮಡಿಕೆಯೊಳಗೆ ಮಡಿಕೆಯಾಗಿ ಅಡಗಿವೆ. ರೆಕ್ಕೆಗಳೋ ಗಿಡ್ಡ, ದಪ್ಪ, ಮೇಲೆಲ್ಲ ಹಲ್ಲುಹಲ್ಲು. ಎಸೆದರೆ ಕಲ್ಲಿನಂತೆ ಬೀಳುತ್ತದೆ. ಆದರೆ ಬಿದ್ದಾಗ ಒಂದು ಸೋಜಿಗವನ್ನು ಕಾಣಬಹುದು. ಅಂಗಡಿಯ ಪ್ಲಾಸ್ಟಿಕ್ ವಿಮಾನ ಬಿದ್ದರೆ ರೆಕ್ಕೆ ಮುರಿದು ಕಸದ ಬುಟ್ಟಿಯನ್ನು ಸೇರುತ್ತದೆ. ಇದು ಬಿದ್ದರೆ ಹತ್ತೋ ಹದಿನೈದೋ ತುಂಡುಗಳು ಕಳಚಿಕೊಳ್ಳುತ್ತವೆ, ಅಷ್ಟೆ. ಆಯ್ದು ಮತ್ತೆ ಸಿಕ್ಕಿಸಿದರೆ ಮೊದಲಿನಂತೆಯೇ. ಹುಡುಗನು ಒಂದೆರಡು ಸಲ ಬೇಕೆಂದೇ ಬೀಳಿಸಿದರೂ ಗದರಿಸಬೇಕಾಗಿಲ್ಲ.

ಇದರ ನಿಜವಾದ ಶತ್ರು ಏಟಲ್ಲ, ಥಂಡಿ. ಗಾಳಿಯ ತೇವವನ್ನು ಕಾಗದ ಹೀರಿಕೊಂಡಾಗ ಅದರ ನಾರು ಮೆತ್ತಗಾಗಿ ಪುಟಿತ ಕಡಮೆಯಾಗುತ್ತದೆ. ಪುಟಿತ ಹೋದರೆ ಹಿಡಿತವೂ ಹೋಯಿತು. ಮಳೆಗಾಲದಲ್ಲಿ ರೆಕ್ಕೆಗಳು ಜೋತುಬೀಳುವುದು ಇದರಿಂದಲೇ. ಮಲೆನಾಡಿನ ಮತ್ತು ಕರಾವಳಿಯ ವಾಚಕರು ಇದನ್ನು ಒಲೆಯ ಗೂಡಿನ ಮೇಲೋ ಗಾಜಿನ ಬೀರುವಿನೊಳಗೋ ಇಡುವುದು ಒಳ್ಳೆಯದು. ಮೈದಾದ ಅಂಟನ್ನು ಬಳಸಿದವರು ಬೆಳ್ಳಿಮೀನು ಹುಳುವಿನ ಮೇಲೂ ಒಂದು ಕಣ್ಣಿಟ್ಟಿರಬೇಕು. ಹಿಟ್ಟಿನ ರುಚಿ ಕಂಡರೆ ಅದು ಬಿಡುವುದಿಲ್ಲ. ನಾಲ್ಕು ಲವಂಗ ಹಾಕಿದ ಚಿಕ್ಕ ಬಟ್ಟೆಗಂಟನ್ನು ಪಕ್ಕದಲ್ಲಿಡುವುದು ನಮ್ಮ ಮನೆಗಳ ಹಳೆಯ ಪದ್ಧತಿ.

ಕಡೆಯಲ್ಲಿ ಉಳಿಯುವ ಆ ಹದಿನಾಲ್ಕು ಚೀಟಿಗಳನ್ನು ಎಸೆಯಬೇಡಿರಿ. ಅವನ್ನೂ ಮಡಿಸಿ, ಒಂದು ಬೆಂಕಿಪೊಟ್ಟಣದೊಳಗೆ ಹಾಕಿ ವಿಮಾನದ ಬಳಿಯೇ ಇಟ್ಟುಕೊಂಡರೆ ಮೊನೆ ಬಾಗಿದ ತುಂಡುಗಳಿಗೆ ಬದಲಿಯಾಗಿ ಬರುತ್ತವೆ. ಪತ್ರ ಬರೆದ ತಾಯಿಯವರಿಗೆ ಒಂದು ಮಾತು: ಆರು ವಾರಗಳಿಗೆ ಒಂದು ವಿಮಾನ ಸಾಲದೆ ಹೋದರೆ, ಇದೇ ತುಂಡುಗಳಿಂದ ಹಂಸವನ್ನು ಕಟ್ಟುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ. ಅದಕ್ಕೆ ಹಾಳೆಗಳು ಇನ್ನೂ ಹೆಚ್ಚು ಬೇಕಾಗುತ್ತವೆ, ಈಗಿನಿಂದಲೇ ಕೂಡಿಡಬಹುದು.